ಹಿತ್ತಲ ತೋಟವೂ ಮನೆಯ ಹಸುವೂ

ಬಂಗಾರಪೇಟೆಯ ಸುತ್ತಿನ ಹಳ್ಳಿಗಳಿಂದ ಬರುವ ನಮ್ಮಲ್ಲಿ ಅನೇಕರ ಮನೆಯಲ್ಲಿ ಕರೆಯುವ ಹಸುವೊಂದುಂಟು. ಕರು ಹಾಕುವುದಕ್ಕೆ ಎರಡು ತಿಂಗಳು ಮುಂಚೆ ಅದರ ಹಾಲು ಬತ್ತಿಸಬೇಕು. ಲೋಭದಿಂದ ಕರೆಯುತ್ತಲೇ ಹೋದರೆ ಮುಂದಿನ ಸೂಲಿನ ಹಾಲು ಕುಗ್ಗುವುದು. ಡೈರಿಯ ಹಣ ನಿಲ್ಲುವ ಆ ದಿನಗಳಿಗೆ ಹಿತ್ತಲಿನ ತರಕಾರಿಯೇ ಆಧಾರ. ಬೆಂಡೆ ಫಲಕ್ಕೆ ಬರಲು ಸುಮಾರು 45–50 ದಿನ ಬೇಕು. ಯುಗಾದಿಗೆ ಹಸು ಬತ್ತುವುದಾದರೆ ಶಿವರಾತ್ರಿಗೆ ಹದಿನೈದು ದಿನ ಮೊದಲೇ ಬೀಜ ಊರಬೇಕು.

ಪಾತಿಗೆ ಹಸಿ ಸಗಣಿ ಹಾಕಲಾಗದು. ಗೆದ್ದಲು, ಗೊಣ್ಣೆಹುಳು ಬರುವುವು. ಕೊಳೆಯುವ ಕಾವಿಗೆ ಎಳೆಬೇರು ಸುಡುವುದು. ಕಳೆದ ವರ್ಷ ನಾನು ಆತುರಪಟ್ಟು ಬದನೆಯ ಸಸಿಗಳೆಲ್ಲವನ್ನೂ ಕಳೆದುಕೊಂಡೆ. ಅಜ್ಜಿ ಬೈದುದನ್ನು ಇಲ್ಲಿ ಬರೆಯಲಾರೆ. ಐದಾರು ತಿಂಗಳು ಗುಂಡಿಯಲ್ಲಿ ಕಳಿತು, ನಾತ ಹೋಗಿ ಪುಡಿಯಾದುದೇ ಗೊಬ್ಬರ.

ಕೋಲಾರ ಚಿನ್ನದ ಗಣಿ ಪ್ರದೇಶದ ಗೆಳೆಯರಿಗೊಂದು ಮಾತು: ಗಣಿಗಳು 2001ರಲ್ಲಿ ಮುಚ್ಚಿದರೂ ಸೈನೈಡ್ ದಿಬ್ಬಗಳು ಉಳಿದಿವೆ. ಆ ಮಣ್ಣನ್ನು ಪಾತಿಗೆ ತರಬೇಡಿ, ಹಸುವನ್ನು ಅತ್ತ ಮೇಯಲು ಬಿಡಬೇಡಿ.