ಮೂವತ್ತು ದಿನದ ಮೇಷ್ಟ್ರು!

ಸಿನಿಮಾ ಪತ್ರಿಕೆಯ ಪಕ್ಕದ ಮನೆ ಯಾವುದು ಗೊತ್ತೇ? ‘ಮೂವತ್ತು ದಿನದಲ್ಲಿ ಕಲಿಯಿರಿ’ ಪುಸ್ತಕದ್ದು! ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಾಯಕಿಯ ಮುಖಪುಟಕ್ಕೆ ತಾಗಿಕೊಂಡೇ ಅದು ನೇತಾಡುತ್ತಿತ್ತು. ಇಂಗ್ಲಿಷ್ ಮಾತಿಗೆ ರ‍್ಯಾಪಿಡೆಕ್ಸ್ (ಜಾಹೀರಾತಿನಲ್ಲಿ ಸಾಕ್ಷಾತ್ ಕಪಿಲ್ ದೇವ್!), ರೇಡಿಯೋ ರಿಪೇರಿಗೊಂದು, ಹೊಲಿಗೆಗೊಂದು, ಆಮೇಲೆ ಕಂಪ್ಯೂಟರಿಗೊಂದು. ಕಾಲೇಜಿನ ಮೆಟ್ಟಿಲು ಹತ್ತದವರಿಗೆ, ಹತ್ತಿ ಅರ್ಧದಲ್ಲೇ ಇಳಿದ ನನ್ನಂಥವರಿಗೆ ಇವೇ ಮೇಷ್ಟ್ರು. ಹಾಜರಿ ಇಲ್ಲ, ಬೈಗುಳವೂ ಇಲ್ಲ!

ಬ್ರಷ್ಷು ಬಿಟ್ಟು ಮೌಸು

ಸಿನಿಮಾ ಬ್ಯಾನರ್ ಬರೆಯುತ್ತಿದ್ದವರ ಕತೆ ಕೇಳಿ. ಸ್ಟಿಲ್ ಫೋಟೋ ಮೇಲೆ ಚೌಕ ಎಳೆದು, ಅದನ್ನೇ ದೊಡ್ಡ ಬಟ್ಟೆಗೆ ಹಿಗ್ಗಿಸಿ, ರಾಜಣ್ಣನ ಮೂಗು, ಕಲ್ಪನಾಳ ಕಣ್ಣು ಮೂಡಿಸಿದವರು ಅವರು. ಫ್ಲೆಕ್ಸ್ ಬಂತು ನೋಡಿ, ಬ್ರಷ್ಷು ಮೂಲೆಗೆ!

ಹಂಪನಕಟ್ಟೆಯ ಹತ್ತಿರ ಡಿಟಿಪಿ ಅಂಗಡಿ ಇಟ್ಟ ಅಂಥ ಹಿರಿಯರೊಬ್ಬರು ನನಗೆ ಹೇಳಿದರು: “ಎಂತ ಮಾಡುವುದು ಮಾರಾಯಾ? ಐವತ್ತರ ಹತ್ತಿರ ಬಂದ ಮೇಲೆ ಸಣ್ಣ ಮಕ್ಕಳೊಟ್ಟಿಗೆ ಕ್ಲಾಸಲ್ಲಿ ಕೂತುಕೊಳ್ಳಲಿಕ್ಕೆ ಆಗ್ತದಾ? ಪುಸ್ತಕ ತಂದೆ. ಹಗಲು ಗೋಡೆ ಬರೆಯುವುದು, ರಾತ್ರಿ ಕೋರೆಲ್‌ಡ್ರಾ.”

ಆ ಪುಸ್ತಕ ಈಗಲೂ ಅವರ ಮೇಜಿನಲ್ಲಿ ಉಂಟು. ಪುಟದಂಚಿನ ತುಂಬ ಎನಾಮಲ್ ಬಣ್ಣದ ಹೆಬ್ಬೆರಳು! ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು ಮಾಡಿಕೊಡುತ್ತಾ ಮನೆಯ ಒಲೆ ಆರದಂತೆ ನೋಡಿಕೊಂಡದ್ದು ಅದೇ ವಿದ್ಯೆ.

ಕಡತ ಎಲ್ಲಿದೆ ಸ್ವಾಮಿ?

ಹಾಗೆಂದು ಎಲ್ಲ ಗೈಡುಗಳೂ ಗುರುಗಳಲ್ಲ. ಕಂಪ್ಯೂಟರಿನ ಪರದೆಯಲ್ಲಿ ‘ಫೈಲ್’, ‘ಸೇವ್’ ಅಂತ ಇಂಗ್ಲಿಷಿನಲ್ಲಿ ಕಾಣುತ್ತದೆ. ಪುಸ್ತಕದಲ್ಲಿ ‘ಕಡತ’, ‘ಉಳಿಸು’! ಓದುಗ ಕಡತ ಹುಡುಕಿ ಹುಡುಕಿ ಸುಸ್ತು. ಇನ್ನು ಕೆಲವು ಹಳಸಲು. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದರ ಪಾಠಕ್ಕೇ ಹೊಸ ರಟ್ಟು ಹಾಕಿದರೆ ಹೇಗೆ?

ಒಳ್ಳೆಯ ಗೈಡು ಒಳ್ಳೆಯ ಅಡುಗೆ ಪುಸ್ತಕದ ಹಾಗೆ. ‘ಹದವಾಗಿ ಹುರಿಯಿರಿ’ ಅಂದರೆ ಹೊಸಬರಿಗೆ ಏನು ತಿಳಿದೀತು? ‘ಘಮ್ ಅಂತ ಪರಿಮಳ ಬರುವವರೆಗೆ ಹುರಿಯಿರಿ’ ಅನ್ನಬೇಕು. ಇದನ್ನು ಒತ್ತಿ, ಹೀಗೆ ಕಾಣುತ್ತದೆ, ಕಾಣದಿದ್ದರೆ ಹೀಗೆ ಮಾಡಿ. ಈ ಮೂರು ಮಾತು ಇದ್ದರೆ ಗೆದ್ದ ಹಾಗೆ.

ನಮ್ಮೂರಿನ ಜಾಣ್ಮೆ

ಕಲಿಸುವ ಪುಸ್ತಕ ಈ ಜಿಲ್ಲೆಗೆ ಹೊಸತಲ್ಲ. 1930ರ ಆಸುಪಾಸಿನಲ್ಲಿ ‘ಡೊಮಿಂಗೊ’ ಎಂಬ ಮೂಕಿ ಚಿತ್ರ ಮಾಡಿದ ಶಿವರಾಮ ಕಾರಂತರೇ ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದರು.

ಇನ್ನು ಗೈಡೇ ಬೇಡದಷ್ಟು ಸುಲಭ ಮಾಡಿದವರು ಕಿನ್ನಿಕಂಬಳದ ಕೆ.ಪಿ. ರಾವ್. ಅವರ ಕನ್ನಡ ಕೀಲಿಮಣೆಯಲ್ಲಿ ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕೇ? ನಡುವೆ ‘ಎಫ್’. ಎಂ, ಎಫ್, ಎಂ ಒತ್ತಿದರೆ ‘ಮ್ಮ’ ತಯಾರು. ಮುಗಿಯಿತು ಪಾಠ! ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಲ್ಲಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿರುವ ಕೀಲಿಮಣೆಯ ಬುನಾದಿಯೂ ಇದೇ.

“ಈಗ ಫೋನಲ್ಲೇ ವಿಡಿಯೋ ಉಂಟಲ್ಲ?” ಅಂತೀರಿ. ಉಂಟು. ಅದನ್ನು ನೋಡಿಯೇ ಎಡಿಟಿಂಗ್ ಕಲಿತು ತುಳು ಸಿನಿಮಾದ ಕಡೆ ಹೊರಟ ಹುಡುಗರನ್ನು ನಾನು ಬಲ್ಲೆ. ಆದರೆ ವಿಡಿಯೋ ಓಡುತ್ತದೆ. ಪುಸ್ತಕ ನಿಮಗಾಗಿ ಕಾಯುತ್ತದೆ. ಬಣ್ಣದ ಬೆರಳು ಇಟ್ಟ ಪುಟದಲ್ಲೇ ಮರುದಿನವೂ ಸಿಗುತ್ತದೆ.

ಪ್ರಕಾಶಕರಿಗೆ ಒಂದೇ ವಿನಂತಿ. ಅಚ್ಚಿಗೆ ಹಾಕುವ ಮೊದಲು ಹತ್ತನೇ ಕ್ಲಾಸು ಓದಿದ ಒಬ್ಬರ ಕೈಗೆ ಪುಸ್ತಕ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿ ಕೂತುಕೊಳ್ಳಿ. ಅವರ ಬೆರಳು ಎಲ್ಲಿ ನಿಲ್ಲುತ್ತದೋ, ಆ ಪುಟವನ್ನು ಮತ್ತೆ ಬರೆಯಿರಿ!