ಮಾತ್ರೆ ನಮ್ಮದು, ಮೂಲ ಯಾರದು?

ಸಂಜೆ ಹೊತ್ತು ಮೈಸೂರು ಜಿಲ್ಲೆಯ ಮಿರ್ಲೆಯ ಮೆಡಿಕಲ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ‘ಅಣ್ಣಾ, ಒಂದು ಶೀಟ್ ಡೋಲೋ ಕೊಡಿ’ ಎಂಬ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಜ್ವರಕ್ಕೂ ಅದೇ, ನಾಟಿ ಕೆಲಸ ಮುಗಿಸಿ ಬಂದವರ ಮೈಕೈ ನೋವಿಗೂ ಅದೇ. ಆ ಶೀಟಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವವರು ಕಡಿಮೆ. ಓದಿದರೆ ಮಾತ್ರೆಯ ಹೆಸರಿನ ಪಕ್ಕ ‘ಐ.ಪಿ.’ ಎಂದಿರುತ್ತದೆ. ಅಂದರೆ ಇಂಡಿಯನ್ ಫಾರ್ಮಕೋಪಿಯಾ ಎಂಬ ಸರ್ಕಾರಿ ಗ್ರಂಥ ಹೇಳಿದಷ್ಟು ಶುದ್ಧವಾಗಿದೆ ಎಂಬ ಭರವಸೆ. ಪಕ್ಕದಲ್ಲಿ ಬ್ಯಾಚ್ ಸಂಖ್ಯೆ, ತಯಾರಿಕೆಯ ಲೈಸೆನ್ಸ್ ಸಂಖ್ಯೆ, ಕಂಪನಿಯ ಹೆಸರು. ಡೋಲೋ ಮಾಡುವ ಮೈಕ್ರೋ ಲ್ಯಾಬ್ಸ್ ನಮ್ಮ ಬೆಂಗಳೂರಿನದೇ ಕಂಪನಿ. ಇಷ್ಟೆಲ್ಲ ಇದ್ದರೂ ಒಂದು ಸಂಗತಿ ಮಾತ್ರ ಶೀಟಿನ ಮೇಲೆ ಇರುವುದಿಲ್ಲ. ಒಳಗಿನ ಪ್ಯಾರಾಸಿಟಮಾಲ್ ಪುಡಿ ಯಾವ ಊರಿನ, ಯಾವ ದೇಶದ ಕಾರ್ಖಾನೆಯಲ್ಲಿ ಹುಟ್ಟಿತು ಎಂಬುದು.

ಔಷಧ ಉದ್ಯಮ ಎಂದರೆ ವಾಸ್ತವದಲ್ಲಿ ಎರಡು ಉದ್ಯಮಗಳು. ಮೊದಲನೆಯದು ರೋಗಕ್ಕೆ ನಾಟುವ ರಾಸಾಯನಿಕವನ್ನೇ ತಯಾರಿಸುವುದು. ಇದನ್ನು ವ್ಯಾಪಾರದವರು ‘ಬಲ್ಕ್ ಡ್ರಗ್’ ಅನ್ನುತ್ತಾರೆ, ಮೂಲದ್ರವ್ಯ ಎನ್ನೋಣ. ಎರಡನೆಯದು ಆ ಪುಡಿಗೆ ಪಿಷ್ಟ, ಟಾಲ್ಕ್ ಮುಂತಾದವನ್ನು ಬೆರೆಸಿ, ಯಂತ್ರದಲ್ಲಿ ಒತ್ತಿ ಮಾತ್ರೆ ಮಾಡಿ, ಶೀಟಿನಲ್ಲಿ ಕೂರಿಸುವುದು. ಎರಡಕ್ಕೂ ಜಾಣ್ಮೆ ಬೇಕು. ಆದರೆ ಮೊದಲನೆಯದಕ್ಕೆ ಬೇಕಾದ ಬಂಡವಾಳ, ವಿದ್ಯೆ, ನೀರು, ವಿದ್ಯುತ್ತು, ಹೊಲಸು ನೀರಿನ ವಿಲೇವಾರಿ ಎಲ್ಲವೂ ಬಹಳ ಹೆಚ್ಚು. ಭಾರತ ಇಂದು ಪ್ರಮಾಣದ ಲೆಕ್ಕದಲ್ಲಿ ಜಗತ್ತಿನ ಮೂರನೇ ದೊಡ್ಡ ಔಷಧ ಉತ್ಪಾದಕ. 2023-24ರಲ್ಲಿ ಸುಮಾರು 2,800 ಕೋಟಿ ಡಾಲರ್ ಮೌಲ್ಯದ ಔಷಧ ರಫ್ತಾಯಿತು. ಅದೇ ದೇಶ ಹೊರಗಿನಿಂದ ತರಿಸುವ ಮೂಲದ್ರವ್ಯಗಳಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಬರುವುದು ಚೀನಾದಿಂದ. ಇದು ಹೇಗಾಯಿತು?

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ಔಷಧ ಪೇಟೆ ಬಹುತೇಕ ವಿದೇಶಿ ಕಂಪನಿಗಳ ಕೈಯಲ್ಲಿತ್ತು. ಬ್ರಿಟಿಷರ ಕಾಲದ 1911ರ ಪೇಟೆಂಟ್ ಕಾನೂನು ಅವರ ಬೆನ್ನಿಗಿತ್ತು. ಅಮೆರಿಕದ ಸೆನೆಟ್ ಸಮಿತಿಯೊಂದು, ಕೆಲವು ಔಷಧಗಳ ಬೆಲೆ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳಲ್ಲಿ ಭಾರತವೂ ಒಂದು ಎಂದಿತು. ಬಡ ದೇಶದಲ್ಲಿ ಅತಿ ದುಬಾರಿ ಮದ್ದು! ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ 1970ರ ಪೇಟೆಂಟ್ ಕಾಯಿದೆ ರೂಪುಗೊಂಡಿತು. 1972ರ ಏಪ್ರಿಲ್ 20ರಂದು ಜಾರಿಗೆ ಬಂತು. ಅದರ ತಿರುಳು ಇಷ್ಟು: ಔಷಧದ ಅಣುವಿಗೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಉಂಟು, ಅದೂ ಹೆಚ್ಚೆಂದರೆ ಏಳು ವರ್ಷ.

ಈ ಒಂದು ಸಾಲಿನ ಬಲ ತಿಳಿಯಬೇಕಾದರೆ ಸ್ವಲ್ಪ ರಸಾಯನಶಾಸ್ತ್ರಕ್ಕೆ ಇಳಿಯಬೇಕು. ನೋವಿಗೆ ಕೊಡುವ ಐಬುಪ್ರೊಫೆನ್ ಇದೆಯಲ್ಲ, ಅದನ್ನು ಕಂಡುಹಿಡಿದ ಬ್ರಿಟನ್ನಿನ ಬೂಟ್ಸ್ ಕಂಪನಿ ಆರು ಹಂತಗಳಲ್ಲಿ ತಯಾರಿಸುತ್ತಿತ್ತು. ಹಾಕಿದ ಕಚ್ಚಾವಸ್ತುವಿನ ಪರಮಾಣುಗಳಲ್ಲಿ ಅರ್ಧಕ್ಕೂ ಹೆಚ್ಚು ತ್ಯಾಜ್ಯವಾಗಿ ಹೋಗುತ್ತಿದ್ದವು. ಮುಂದೆ ಬೇರೆಯವರು ಮೂರೇ ಹಂತದ ದಾರಿ ಹುಡುಕಿದರು. ಮುಕ್ಕಾಲು ಪಾಲು ಪರಮಾಣುಗಳು ಔಷಧದಲ್ಲೇ ಉಳಿಯತೊಡಗಿದವು. ಎರಡೂ ದಾರಿಯ ಕೊನೆಯಲ್ಲಿ ಸಿಗುವ ಅಣು ಒಂದೇ. ದೇಹಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಲೆಕ್ಕದ ಪುಸ್ತಕಕ್ಕೆ ಮಾತ್ರ ಗೊತ್ತಾಗುತ್ತದೆ. 1972ರ ನಂತರ ನಮ್ಮ ರಸಾಯನ ವಿಜ್ಞಾನಿಗಳು ಮಾಡಿದ್ದು ಇದನ್ನೇ: ಗೊತ್ತಿರುವ ಅಣುವಿಗೆ ಹೊಸ ದಾರಿ ಹುಡುಕುವುದು. ನಕಲು ಎಂದು ಮೂಗು ಮುರಿದವರಿದ್ದರು. ಆದರೆ ಹತ್ತು ಲೀಟರಿನ ಗಾಜಿನ ಪಾತ್ರೆಯಲ್ಲಿ ಆದದ್ದನ್ನು ಹತ್ತು ಸಾವಿರ ಲೀಟರಿನ ಉಕ್ಕಿನ ತೊಟ್ಟಿಯಲ್ಲಿ, ಸಿಡಿಯದಂತೆ, ಕಲಬೆರಕೆಯಾಗದಂತೆ ಮಾಡಿ ತೋರಿಸುವುದು ನಕಲು ಹೊಡೆಯುವಷ್ಟು ಸುಲಭವಲ್ಲ.

ವಿದ್ಯೆ ಕಲಿಸಿದ್ದು ಬಹುಮಟ್ಟಿಗೆ ಸರ್ಕಾರಿ ಕಾರ್ಖಾನೆಗಳು. ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್, 1961ರಲ್ಲಿ ಸೋವಿಯತ್ ನೆರವಿನ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ (ಐ.ಡಿ.ಪಿ.ಎಲ್.) ಹುಟ್ಟಿದವು. ಐ.ಡಿ.ಪಿ.ಎಲ್.ನ ಹೈದರಾಬಾದ್ ಘಟಕದಲ್ಲಿ ಪಳಗಿದವರೇ ಆ ಊರನ್ನು ಮೂಲದ್ರವ್ಯಗಳ ರಾಜಧಾನಿ ಮಾಡಿದರು. ಪಿಂಪ್ರಿಯ ಕಂಪನಿ ಮತ್ತು ಕರ್ನಾಟಕ ಸರ್ಕಾರ ಸೇರಿ 1981ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಕಟ್ಟಿದವು. ಸೋದರ ಸಂಸ್ಥೆಗಳು ನಷ್ಟದಲ್ಲಿ ಮುಳುಗಿದರೂ ಪೀಣ್ಯದ್ದು ಇಂದಿಗೂ ನಡೆದಿದೆ. ಮೈಸೂರು ಸೀಮೆಯಲ್ಲಿ ಮೂಲದ್ರವ್ಯದ ಕೆಲಸ ನೋಡಬೇಕೆಂದರೆ ನಂಜನಗೂಡಿಗೇ ಹೋಗಬೇಕು. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್‌ನಂಥ ಔಷಧಗಳ ಮೂಲದ್ರವ್ಯ ಮಾಡುವ ಜುಬಿಲಂಟ್ ಕಾರ್ಖಾನೆ ಅಲ್ಲಿದೆ. 2020ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ನೌಕರರಲ್ಲಿ ಕೋವಿಡ್ ಹರಡಿ ಇಡೀ ಜಿಲ್ಲೆ ಬೆಚ್ಚಿದ್ದನ್ನು ಮೈಸೂರಿನವರು ಮರೆತಿರಲಿಕ್ಕಿಲ್ಲ. ಕೆಲವೇ ವಾರಗಳಲ್ಲಿ ಅದೇ ಕಂಪನಿ ಕೋವಿಡ್ ರೋಗಿಗಳಿಗೆ ಕೊಡುವ ರೆಮ್‌ಡೆಸಿವಿರ್ ತಯಾರಿಸುವ ಪರವಾನಗಿ ಪಡೆಯಿತು.

ಇಲ್ಲಿಯವರೆಗೆ ಹೇಳಿದ್ದು ರಾಸಾಯನಿಕ ದಾರಿ. ಔಷಧ ಹುಟ್ಟುವ ಇನ್ನೊಂದು ದಾರಿ ಹುದುಗು. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಿನೊಳಗೆ ಉಬ್ಬುತ್ತದಲ್ಲ, ಅಲ್ಲಿ ದುಡಿಯುವುದು ಸೂಕ್ಷ್ಮಜೀವಿಗಳು. ಪೆನಿಸಿಲಿನ್ ಮಾಡುವುದೂ ಅಂಥದೇ ಒಂದು ಜೀವಿ, ಬೂಷ್ಟು. ದೊಡ್ಡ ತೊಟ್ಟಿಯಲ್ಲಿ ಅದಕ್ಕೆ ಸಕ್ಕರೆ, ಸಾರಜನಕ, ಶುದ್ಧ ಗಾಳಿ ಕೊಟ್ಟು, ಸುಮಾರು 25 ಡಿಗ್ರಿ ಶಾಖದಲ್ಲಿ ದಿನಗಟ್ಟಲೆ ಸಾಕಬೇಕು. ಹೊರಗಿನ ಒಂದು ಬ್ಯಾಕ್ಟೀರಿಯಾ ನುಸುಳಿತೋ, ಇಡೀ ತೊಟ್ಟಿ ಚರಂಡಿಗೆ. ಹೀಗೆ ಸಿಗುವ ಪೆನಿಸಿಲಿನ್-ಜಿ ಎಂಬುದರಿಂದಲೇ 6-ಎ.ಪಿ.ಎ. ಎಂಬ ಮಧ್ಯದ ವಸ್ತು, ಅದರಿಂದ ಅಮಾಕ್ಸಿಸಿಲಿನ್. ಕೆ.ಆರ್. ನಗರದಲ್ಲೋ ಹುಣಸೂರಿನಲ್ಲೋ ಮಗುವಿಗೆ ಕಿವಿ ಸೋರಿದಾಗ ಡಾಕ್ಟರು ಬರೆಯುವ ಸಿಹಿ ಔಷಧ ಅದೇ.

ಈ ಹುದುಗಿನ ವಿದ್ಯೆ ನಮಗೆ ಬರುತ್ತಿತ್ತು. ಪಿಂಪ್ರಿಯಲ್ಲಿ 1955ರಿಂದಲೇ ಪೆನಿಸಿಲಿನ್ ತಯಾರಾಗುತ್ತಿತ್ತು. ಆಮೇಲೆ ಖಾಸಗಿಯವರೂ ಕೈ ಹಾಕಿದರು. 1990ರ ದಶಕದಲ್ಲಿ ಆಮದು ಸುಂಕ ಇಳಿಯಿತು. ಅತ್ತ ಚೀನಾ ಭಾರೀ ತೊಟ್ಟಿಗಳನ್ನು ಕಟ್ಟಿ, ಕಡಿಮೆ ಬೆಲೆಗೆ ವಿದ್ಯುತ್ತು, ಗ್ಲೂಕೋಸು ಒದಗಿಸಿ ದರ ಕೆಡವಿತು. ಅಗ್ಗಕ್ಕೆ ಸಿಗುವಾಗ ನಾವೇಕೆ ಕಷ್ಟಪಡಬೇಕು ಎಂದುಕೊಂಡವರು ಒಬ್ಬೊಬ್ಬರಾಗಿ ತೊಟ್ಟಿ ಮುಚ್ಚಿದರು. ಯಂತ್ರ ಗುಜರಿಗೆ ಹೋದರೆ ಮತ್ತೆ ಕೊಳ್ಳಬಹುದು. ಯಾವ ತಳಿಯ ಬೂಷ್ಟು ಎಷ್ಟು ಇಳುವರಿ ಕೊಡುತ್ತದೆ, ಮೂರನೇ ದಿನ ನೊರೆ ಎದ್ದರೆ ಏನು ಮಾಡಬೇಕು ಎಂದು ಬಲ್ಲ ಜನ ನಿವೃತ್ತರಾದರೆ ಅವರನ್ನು ಕೊಳ್ಳಲಾಗದು.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಇದಕ್ಕೆ ತೀರಾ ತದ್ವಿರುದ್ಧವಾದದ್ದು ನಡೆಯುತ್ತಿತ್ತು. 1978ರಲ್ಲಿ ಕಿರಣ್ ಮಜುಂದಾರ್ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, ಐರ್ಲೆಂಡಿನ ಕಂಪನಿಯೊಂದರ ಪಾಲುದಾರಿಕೆಯಲ್ಲಿ ಬಯೋಕಾನ್ ಆರಂಭಿಸಿದಾಗ ಅದು ಔಷಧ ಕಂಪನಿಯೇ ಆಗಿರಲಿಲ್ಲ. ಪರಂಗಿ ಕಾಯಿಗೆ ಗೀರು ಹಾಕಿದರೆ ಒಸರುವ ಹಾಲಿನಿಂದ ಪಪೇನ್ ಎಂಬ ಕಿಣ್ವ ತೆಗೆದು ಹೊರದೇಶಕ್ಕೆ ಕಳಿಸುವುದು ಅವರ ಕಸುಬು. ಬಿಯರ್ ತಿಳಿಯಾಗಿಸಲು ಅದು ಬೇಕು. (ಮಾಂಸ ಬೇಗ ಬೇಯಲೆಂದು ಪರಂಗಿ ಕಾಯಿಯ ಚೂರು ಹಾಕುವವರು ಬಳಸುವುದೂ ಇದೇ ಕಿಣ್ವವನ್ನು.) ಕಿಣ್ವದಿಂದ ಹುದುಗಿಗೆ, ಹುದುಗಿನಿಂದ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್‌ಗಳಿಗೆ, ಅಲ್ಲಿಂದ ಇನ್ಸುಲಿನ್‌ಗೆ: ಕಾಲು ಶತಮಾನ ಹಿಡಿಯಿತು. ತೊಟ್ಟಿಯನ್ನು ಮಾತ್ರ ಅವರು ಬಿಡಲಿಲ್ಲ.

ಇನ್ಸುಲಿನ್ ಏಕೆ ಕಷ್ಟ? ಪ್ಯಾರಾಸಿಟಮಾಲ್ ಅಣುವಿನಲ್ಲಿ ಇರುವುದು 20 ಪರಮಾಣು. ಇನ್ಸುಲಿನ್‌ನಲ್ಲಿ 788. ಅವು 51 ಅಮೈನೋ ಆಮ್ಲಗಳ ಎರಡು ಎಳೆಗಳಾಗಿ, ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡಿರಬೇಕು. ಮಡಿಕೆ ತಪ್ಪಿದರೆ ಮದ್ದು ಕೆಲಸ ಮಾಡದು. ಶಾಖಕ್ಕೆ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಫ್ರಿಜ್ ಇಲ್ಲದ ಮನೆಗಳಲ್ಲಿ ಇನ್ಸುಲಿನ್ ಸೀಸೆಯನ್ನು ನೀರಿನ ಮಡಕೆಯ ತಂಪಿನಲ್ಲಿಡುವುದು ಇದೇ ಕಾರಣಕ್ಕೆ. ಇಷ್ಟು ಜಟಿಲ ಅಣುವನ್ನು ಕಾರ್ಖಾನೆಯಲ್ಲಿ ಹಂತಹಂತವಾಗಿ ಜೋಡಿಸುವುದಕ್ಕಿಂತ ಜೀವಕೋಶದಿಂದಲೇ ಮಾಡಿಸುವುದು ಮೇಲು. ಮೊದಲು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆಯುತ್ತಿದ್ದರು. 1982ರಲ್ಲಿ ಅಮೆರಿಕದಲ್ಲಿ ಬ್ಯಾಕ್ಟೀರಿಯಾಕ್ಕೆ ಮಾನವ ಜೀನ್ ತೊಡಿಸಿ ತಯಾರಿಸಿದ್ದು ಪೇಟೆಗೆ ಬಂತು. ಬಯೋಕಾನ್ ಪಿಕಿಯಾ ಎಂಬ ಯೀಸ್ಟನ್ನು ಪಳಗಿಸಿ, 2004ರಲ್ಲಿ ತನ್ನ ಇನ್ಸುಲಿನ್ ಹೊರತಂದಿತು. ಅದರ ಇನ್ಸುಲಿನ್ ಗ್ಲಾರ್ಜಿನ್‌ಗೆ ಅಮೆರಿಕದ ಔಷಧ ಆಡಳಿತ 2021ರಲ್ಲಿ, ಮೂಲ ಬ್ರ್ಯಾಂಡಿನ ಬದಲಿಗೆ ಅಂಗಡಿಯಲ್ಲೇ ನೇರ ಕೊಡಬಹುದೆಂಬ ಮಾನ್ಯತೆ ನೀಡಿತು. ಅಲ್ಲಿ ಇಂಥ ಮಾನ್ಯತೆ ಪಡೆದ ಮೊಟ್ಟಮೊದಲ ಇನ್ಸುಲಿನ್ ಅದು. 2005ರಿಂದ ಅಣುವಿಗೇ ಪೇಟೆಂಟ್ ಕೊಡುವ ಕಾನೂನು ನಮ್ಮಲ್ಲೂ ಬಂದ ಮೇಲೆ ಸುಲಭದ ದಾರಿಗಳು ಮುಚ್ಚಿದ್ದವು. ಹುದುಗಿನ ವಿದ್ಯೆ ಉಳಿಸಿಕೊಂಡವರು ಮುಂದೆ ಹೋದರು.

ಮೂಲ ಕೈಬಿಟ್ಟದ್ದರ ಬೆಲೆ 2020ರಲ್ಲಿ ಗೊತ್ತಾಯಿತು. ಚೀನಾದ ಕಾರ್ಖಾನೆಗಳು ಸ್ಥಗಿತಗೊಂಡವು. ಮಾರ್ಚ್ 3ರಂದು ಭಾರತ, ಪ್ಯಾರಾಸಿಟಮಾಲೂ ಸೇರಿ 26 ಮೂಲದ್ರವ್ಯ ಮತ್ತು ಔಷಧಗಳ ರಫ್ತಿಗೆ ತಡೆ ಹಾಕಬೇಕಾಯಿತು. ಅದೇ ವರ್ಷ ಮೂಲದ್ರವ್ಯಗಳನ್ನು ಇಲ್ಲೇ ತಯಾರಿಸುವವರಿಗೆ 6,940 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಬಂತು. ಅದರ ಫಲವಾಗಿ ಆಂಧ್ರದ ಕಾಕಿನಾಡದಲ್ಲಿ, ವರ್ಷಕ್ಕೆ 15,000 ಟನ್ ಸಾಮರ್ಥ್ಯದ ಪೆನಿಸಿಲಿನ್-ಜಿ ಕಾರ್ಖಾನೆ 2024ರಲ್ಲಿ ಶುರುವಾಯಿತು. ಸೂಕ್ಷ್ಮಜೀವಿಗೆ ಬೇಕಾದ ಮೇವು ಸಕ್ಕರೆ, ಪಿಷ್ಟ. ಅವು ನಮ್ಮ ಹೊಲಗಳಲ್ಲೇ ಬೆಳೆಯುತ್ತವೆ. ಮಿರ್ಲೆ ಸುತ್ತಿನ ಕಬ್ಬು ಬೆಳೆಗಾರರು ಮಾತ್ರ ಚುಂಚನಕಟ್ಟೆಯ ಶ್ರೀರಾಮ ಸಹಕಾರ ಸಕ್ಕರೆ ಕಾರ್ಖಾನೆಗೆ ವರ್ಷಗಟ್ಟಲೆ ಬೀಗ ಬಿದ್ದದ್ದನ್ನು ನೋಡಬೇಕಾಯಿತು.

ಅಗ್ಗವೊಂದನ್ನೇ ನೋಡುವುದರ ಅಪಾಯ ದರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾಲುಸಾಲಾಗಿ ಸತ್ತಾಗ ಅನುಮಾನ ಬಿದ್ದದ್ದು ಸರ್ಕಾರ ಖರೀದಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ರಕ್ತನಾಳಕ್ಕೆ ನೇರ ಹೋಗುವ ಇಂಥ ನೀರು ಕ್ರಿಮಿರಹಿತವಾಗಿದ್ದರಷ್ಟೇ ಸಾಲದು. ಸತ್ತ ಬ್ಯಾಕ್ಟೀರಿಯಾದ ಕವಚದ ಚೂರುಗಳು, ಅಂದರೆ ಎಂಡೋಟಾಕ್ಸಿನ್, ಕುದಿಸಿದರೂ ನಾಶವಾಗುವುದಿಲ್ಲ. ಅವು ರಕ್ತಕ್ಕೆ ಸೇರಿದರೆ ಜ್ವರ, ಆಘಾತ, ಅಂಗವೈಫಲ್ಯ. ಅದನ್ನು ಪತ್ತೆಹಚ್ಚುವ ಪರೀಕ್ಷೆ ಇದೆ, ಪ್ರತಿ ಬ್ಯಾಚಿಗೂ ಮಾಡಬೇಕು, ಅದಕ್ಕೆ ಖರ್ಚಿದೆ.

ಸರ್ಕಾರಿ ಆಸ್ಪತ್ರೆಗಳ ಔಷಧ ಖರೀದಿ ನಡೆಯುವುದು ಟೆಂಡರಿನಲ್ಲಿ. ಕನಿಷ್ಠ ದರ ಕೂಗಿದವರಿಗೇ ಪಾಲು. ಹಾಗಿರುವಾಗ ಯಾವ ಕಂಪನಿಯೂ ಕೆಲವು ಪೈಸೆ ಹೆಚ್ಚು ಕೊಟ್ಟು ಕಾಕಿನಾಡದ ಪೆನಿಸಿಲಿನ್ ಕೊಳ್ಳುವುದಿಲ್ಲ, ಚೀನಾದ್ದನ್ನೇ ತರಿಸುತ್ತದೆ. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದಂಥ ದೊಡ್ಡ ಗಿರಾಕಿ ಟೆಂಡರಿನಲ್ಲಿ ಎರಡು ಸಾಲು ಸೇರಿಸಬೇಕು: ಮೂಲದ್ರವ್ಯ ಎಲ್ಲಿಯದೆಂದು ಘೋಷಿಸಿ, ದೇಶದ್ದಾದರೆ ದರದಲ್ಲಿ ಇಂತಿಷ್ಟು ರಿಯಾಯಿತಿ ಪಡೆಯಿರಿ. ಅದಾಗದಿದ್ದರೆ 6,940 ಕೋಟಿಯ ಯೋಜನೆ ಮುಗಿದ ಮರುವರ್ಷ ಹೊಸ ತೊಟ್ಟಿಗಳೂ ಹಳೆಯವುಗಳ ದಾರಿ ಹಿಡಿಯುತ್ತವೆ.