ಬರೋಕ್ ಒಪೆರಾ

ಬರೋಕ್ ಒಪೆರಾ ಎಂಬುದು ಸುಮಾರು 1600ರಿಂದ 18ನೆಯ ಶತಮಾನದ ನಡುಭಾಗದವರೆಗೆ ಯುರೋಪಿನಲ್ಲಿ ಬೆಳೆದ, ಕಥೆಯನ್ನು ಬಹುಮಟ್ಟಿಗೆ ಗಾಯನದ ಮೂಲಕವೇ ನಿರೂಪಿಸುವ ನಾಟಕ ಪ್ರಕಾರ. ಸಾಹಿತ್ಯ ಸ್ಪಷ್ಟವಾಗಿ ಕೇಳಿಸಬೇಕೆಂಬ ಹಂಬಲದಿಂದ ಹುಟ್ಟಿದ ಈ ಪ್ರಕಾರವು ಕ್ರಮೇಣ ಗಾಯಕರ ಕಂಠವೈಭವದ ಪ್ರದರ್ಶನವಾಗಿ ಮಾರ್ಪಟ್ಟಿತು.

ಉಗಮ

16ನೆಯ ಶತಮಾನದ ಉತ್ತರಾರ್ಧದಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಕೌಂಟ್ ಜೊವಾನಿ ಬಾರ್ದಿಯ ಮನೆಯಲ್ಲಿ ಕವಿಗಳು, ವಿದ್ವಾಂಸರು ಹಾಗೂ ಸಂಗೀತಗಾರರು ಸೇರುತ್ತಿದ್ದರು. ಈ ಕೂಟಕ್ಕೆ ಕಮೆರಾತಾ ಎಂದು ಹೆಸರು. ವಿಜ್ಞಾನಿ ಗೆಲಿಲಿಯೋನ ತಂದೆ ವಿಂಚೆಂಜೊ ಗೆಲಿಲಿ ಇದರ ಪ್ರಮುಖ ಸದಸ್ಯ. ಹಲವು ಧ್ವನಿಗಳು ಬೇರೆ ಬೇರೆ ಸ್ವರಪಂಕ್ತಿಗಳನ್ನು ಏಕಕಾಲದಲ್ಲಿ ಹಾಡುವ ಅಂದಿನ ಪದ್ಧತಿಯಲ್ಲಿ ಸಾಹಿತ್ಯದ ಅರ್ಥ ಮರೆಯಾಗುತ್ತದೆ ಎಂಬುದು ಅವನ ಆಕ್ಷೇಪವಾಗಿತ್ತು. ಪ್ರಾಚೀನ ಗ್ರೀಕರು ದುರಂತ ನಾಟಕಗಳನ್ನು ಹಾಡಿಯೇ ಅಭಿನಯಿಸುತ್ತಿದ್ದರೆಂಬ ನಂಬಿಕೆಯೂ ಆ ವಲಯದಲ್ಲಿತ್ತು. ಗ್ರೀಕ್ ಸಂಗೀತ ಹೇಗಿತ್ತೆಂಬುದು ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ಹೊಸ ಕಲೆಯ ಹುಟ್ಟಿಗೆ ಅದು ಅಡ್ಡಿಯಾಗಲೂ ಇಲ್ಲ.

ಯಾಕೊಪೊ ಪೆರಿಯ 'ದಾಫ್ನೆ' (1598) ಮೊದಲ ಒಪೆರಾ ಎನಿಸಿಕೊಂಡಿದ್ದರೂ ಅದರ ಸಂಗೀತದ ಬಹುಭಾಗ ನಷ್ಟವಾಗಿದೆ. 1600ರಲ್ಲಿ ಮಾರಿಯಾ ದೆ ಮೆಡಿಚಿ ಮತ್ತು ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಯ ವಿವಾಹೋತ್ಸವದಲ್ಲಿ ಪ್ರದರ್ಶಿತವಾದ ಅವನ 'ಯೂರಿಡಿಚೆ' ಇಂದಿಗೂ ಉಳಿದಿದೆ. ಮಡಿದ ಮಡದಿಯನ್ನು ಪಾತಾಳದಿಂದ ಮರಳಿ ತರಲು ಹೊರಟ ಗಾಯಕ ಆರ್ಫಿಯಸ್‌ನ ಈ ಕಥೆಯನ್ನೇ ಆಧರಿಸಿ ಕ್ಲಾಡಿಯೊ ಮೊಂಟೆವೆರ್ದಿ 1607ರಲ್ಲಿ ಮಾಂಟುವಾದ ಆಸ್ಥಾನಕ್ಕಾಗಿ 'ಓರ್ಫೆಯೊ' ರಚಿಸಿದನು. ಹೊಸ ಪ್ರಕಾರದ ನಿಜವಾದ ಶಕ್ತಿ ಪ್ರಕಟವಾದದ್ದು ಇದರಲ್ಲಿಯೇ.

ಲಕ್ಷಣಗಳು

1637ರಲ್ಲಿ ವೆನಿಸ್ ನಗರದಲ್ಲಿ ಸಾನ್ ಕಸ್ಸಿಯಾನೊ ರಂಗಮಂದಿರವು ಹಣ ತೆತ್ತು ಬರುವ ಸಾರ್ವಜನಿಕರಿಗೆ ತೆರೆದುಕೊಂಡಿತು. ಅರಮನೆಯ ಕಲೆ ಮಾರುಕಟ್ಟೆಗೆ ಬಂದೊಡನೆ ಜನಪ್ರಿಯ ಗಾಯಕರ ಪ್ರಾಬಲ್ಯ ಹೆಚ್ಚಿತು. ಮಾತಿನ ಲಯವನ್ನು ಅನುಸರಿಸುವ ರೆಸಿಟೆಟಿವ್ ಭಾಗದಲ್ಲಿ ಕಥೆ ಮುಂದೆ ಸಾಗುತ್ತದೆ. ಇದಕ್ಕೆ ಹಾರ್ಪ್ಸಿಕಾರ್ಡ್, ಚೆಲೊ ಮೊದಲಾದ ವಾದ್ಯಗಳ ಮಂದ್ರಸ್ವರದ ಆಧಾರವಿರುತ್ತದೆ. ಆರಿಯಾದಲ್ಲಿ ಕಥೆ ನಿಂತು ಭಾವವೊಂದು ವಿಸ್ತಾರಗೊಳ್ಳುತ್ತದೆ. 'ದಾ ಕಾಪೊ' ಆರಿಯಾದಲ್ಲಿ ಮೊದಲ ಭಾಗವು ಕೊನೆಯಲ್ಲಿ ಪುನರಾವರ್ತನೆಯಾಗುತ್ತದೆ. ಆಗ ಗಾಯಕನು ತನ್ನದೇ ಅಲಂಕಾರಗಳನ್ನು ಸೇರಿಸುತ್ತಾನೆ.

ವೀರನಾಯಕನ ಪಾತ್ರಗಳನ್ನು ಹೆಚ್ಚಾಗಿ ಕಾಸ್ಟ್ರಾಟೊಗಳು ಹಾಡುತ್ತಿದ್ದರು. ಇವರು ಕಂಠ ಒಡೆಯದಿರಲೆಂದು ಬಾಲ್ಯದಲ್ಲಿಯೇ ವೃಷಣಚ್ಛೇದನಕ್ಕೆ ಒಳಗಾದವರು. ಹ್ಯಾಂಡಲ್‌ನ 'ಜೂಲಿಯೊ ಚೆಸಾರೆ' (1724) ಕೃತಿಯಲ್ಲಿ ಸೀಸರನಾಗಿ ಹಾಡಿದ ಸೆನೆಸಿನೊ ಅಂತಹವನು. ಫರಿನೆಲ್ಲಿಯಂತಹ ಕೆಲವರಿಗೆ ಅಪಾರ ಕೀರ್ತಿ ದೊರೆಯಿತು. ಶಸ್ತ್ರಕ್ರಿಯೆಗೊಳಗಾದ ಹೆಚ್ಚಿನ ಬಾಲಕರಿಗೆ ಅದು ದಕ್ಕಲಿಲ್ಲ. ಈ ಕಲೆಯ ಸೊಬಗನ್ನು ವರ್ಣಿಸುವಾಗ ಈ ಕ್ರೌರ್ಯವನ್ನು ಬದಿಗಿರಿಸಲಾಗದು.

ಫ್ರಾನ್ಸಿನಲ್ಲಿ, ಇಟಲಿಯಲ್ಲಿಯೇ ಜನಿಸಿದ ಲುಲ್ಲಿಯು ಫ್ರೆಂಚ್ ಉಚ್ಚಾರಣೆಗೂ ನೃತ್ಯಕ್ಕೂ ಪ್ರಾಧಾನ್ಯ ನೀಡಿ ಭಿನ್ನವಾದ ಶೈಲಿಯನ್ನು ರೂಪಿಸಿದನು. 1762ರಲ್ಲಿ ಗ್ಲುಕ್ ಅದೇ ಆರ್ಫಿಯಸ್ ಕಥೆಯನ್ನು ಆರಿಸಿಕೊಂಡು, ಆಡಂಬರದ ಅಲಂಕಾರಗಳನ್ನು ತೊರೆದು, ಸಂಗೀತವನ್ನು ಮತ್ತೆ ನಾಟಕಕ್ಕೆ ಅಧೀನಗೊಳಿಸಿದನು.